ಮೂವತ್ತೊಂದನೆಯ ಸಾಲು

ನಮ್ಮ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದ ಗುಮಾಸ್ತೆಯನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತ ನನಗೆ ಅವಳ ಮೇಲೆ ಕನಿಕರವೂ ಇದೆ, ಸಿಟ್ಟೂ ಇದೆ. ಸಿಟ್ಟೇ ಒಂದು ತೂಕ ಹೆಚ್ಚು.

ಲಿವರ್ ಸರ್ಜರಿಯ ಉನ್ನತ ತರಬೇತಿಗೆ ಮಾನ್ಯತೆ ಸಿಗಬೇಕಾದರೆ, ಕಲಿಯುವ ಡಾಕ್ಟರು ವರ್ಷಕ್ಕೆ ಮೂವತ್ತು ಆಪರೇಷನ್‌ಗಳನ್ನು ಸ್ವಂತ ಕೈಯಾರೆ ಮಾಡಿರಬೇಕು. ನಮ್ಮ ಮುಖ್ಯಸ್ಥರೋ ಚಾಕು ಬಿಟ್ಟುಕೊಡುವ ಆಸಾಮಿಯಲ್ಲ. ಕಲಿಯಲು ಬಂದ ಕಿರಿಯ ಡಾಕ್ಟರು ಹೊಟ್ಟೆ ಅಗಲಿಸುವ ಕೊಕ್ಕೆ ಹಿಡಿದು ನಿಂತದ್ದೇ ಬಂತು. ಮಾನ್ಯತೆಯ ತಪಾಸಣೆಗೆ ಒಂದು ವಾರವಿದೆ ಅನ್ನುವಾಗ, ಮುಖ್ಯಸ್ಥರು ಹೇಳಿದರೆಂದು ಅಕ್ಕ ಕಿರಿಯ ಡಾಕ್ಟರ ಆಪರೇಷನ್‌ಗಳ ಲೆಕ್ಕವಿಡುವ ಲಾಗ್‌ಬುಕ್ಕನ್ನು ಹೊಸದಾಗಿ ಬರೆಯಲು ಕೂತಳು. ಹಳೆಯದರ ಕೊನೆಯ ಕಾಲಮಿನಲ್ಲಿ ‘ನೆರವು’ ಅಂತ ಇದ್ದಲ್ಲೆಲ್ಲ ‘ಸ್ವತಃ’, ಒಟ್ಟು ಮೂವತ್ತು ಸಾಲು. ಒಂದೇ ಸಲಕ್ಕೆ ಬರೆದಂತೆ ಕಾಣಬಾರದೆಂದು ನಾಲ್ಕು ಪೆನ್ನು ಬದಲಿಸಿದಳು. ಒಂದು ಪುಟಕ್ಕೆ ಬೇಕೆಂದೇ ಟೀ ಚೆಲ್ಲಿದಳು.

“ಹೆಂಗಿದೆ ನನ್ನ ಕೈಚಳಕ?” ಅಂದಳು. ನಾನೂ ನಕ್ಕೆ. ತಪಾಸಣೆಗೆ ಬಂದವರು ಪುಸ್ತಕ ನೋಡಿ ತಲೆದೂಗಿದರು, ಮಾನ್ಯತೆ ಸಿಕ್ಕಿತು.

ಮಾರನೆಯ ತಿಂಗಳು ಅವಳ ತಂಗಿಯ ಲಿವರಿನಲ್ಲಿ ಗಡ್ಡೆ ಕಂಡಿತು. ಮುಖ್ಯಸ್ಥರೇ ಆಪರೇಷನ್ ಮಾಡುತ್ತಾರೆಂದು ನಂಬಿ ಇಲ್ಲಿಗೇ ಸೇರಿಸಿದಳು. ಆಪರೇಷನ್ ದಿನ ಬೆಳಿಗ್ಗೆ ನೋಡಿದರೆ ಅವರು ಅದನ್ನು ಕಿರಿಯ ಡಾಕ್ಟರಿಗೆ ಬಿಟ್ಟು ಇನ್ನೊಂದು ಆಸ್ಪತ್ರೆಯ ತಪಾಸಣೆಗೆ ಹೊರಟು ನಿಂತಿದ್ದಾರೆ! ಅಕ್ಕ ಕಾರಿನ ಹತ್ತಿರ ಓಡಿದಳು, ಹಿಂದೆಯೇ ನಾನು.

“ಸಾರ್, ಚಿಕ್ಕ ಡಾಕ್ಟ್ರು ಒಂದನ್ನೂ ಪೂರ್ತಿ ಮಾಡಿಲ್ವಲ್ಲ ಸಾರ್!”

“ಮೂವತ್ತು ಮಾಡಿದಾರೆ ಅಂತ ಬರೆದೋರು ಯಾರಮ್ಮ? ನೀವೇ ತಾನೇ? ಸುಳ್ಳು ಬರೆದೆ ಅಂತ ಒಂದು ಪತ್ರ ಕೊಡಿ, ಈಗ್ಲೇ ಆಪರೇಷನ್ ನಿಲ್ಲಿಸ್ತೀನಿ.”

ಪತ್ರ ಬರೆದರೆ ಕೆಲಸ ಹೋಗುತ್ತಿತ್ತು, ನಿಜ. ಆದರೆ ಐದು ನಿಮಿಷದಲ್ಲಿ ಬರೆಯಬಹುದಿತ್ತು. ಅಕ್ಕ ಬರೆಯಲಿಲ್ಲ. ನಾನೂ ಬರಿ ಅನ್ನಲಿಲ್ಲ. ಕಾರು ಹೊರಟುಹೋಯಿತು.

ಒಳಗೆ ಬಂದಾಗ ಸ್ಟ್ರೆಚರ್ ಮೇಲಿದ್ದ ತಂಗಿ ಅವಳ ಕೈ ಹಿಡಿದುಕೊಂಡಳು. “ಅಕ್ಕಾ, ಈ ಡಾಕ್ಟ್ರು ಚೆನ್ನಾಗಿ ಮಾಡ್ತಾರಾ?”

“ಮೂವತ್ತು ಮಾಡಿದಾರೆ ಕಣೇ. ಹೆದರ್ಕೋಬೇಡ.”

ಮಧ್ಯಾಹ್ನ ಮೂರಕ್ಕೆ, ರಕ್ತ ನಿಲ್ಲದೆ, ತಂಗಿ ಆಪರೇಷನ್ ಮೇಜಿನ ಮೇಲೆಯೇ ಸತ್ತಳು.

ಎರಡು ವಾರದ ರಜೆ ಮುಗಿಸಿ ಅಕ್ಕ ಬಂದಾಗ ಅವಳ ಮೇಜಿನ ಮೇಲೆ, ಆ ಆಪರೇಷನ್ನನ್ನೂ ಪುಸ್ತಕಕ್ಕೆ ಏರಿಸಿ ಅನ್ನುವ ಕಿರಿಯ ಡಾಕ್ಟರ ಚೀಟಿ ಕಾಯುತ್ತಿತ್ತು. ಲಾಗ್‌ಬುಕ್ ತೆರೆದು ಮೂವತ್ತೊಂದನೆಯ ಸಾಲಿನಲ್ಲಿ ತಂಗಿಯ ಹೆಸರು ಬರೆದಳು, ವಯಸ್ಸು ಬರೆದಳು. ಕೊನೆಯ ಕಾಲಮಿಗೆ ಬಂದಾಗ ಪೆನ್ನು ಎತ್ತಿ ನನ್ನ ಕಡೆ ತಿರುಗಿದಳು.

“ಇಲ್ಲೇನು ಬರೀಲಿ?”

“ಸ್ವತಃ ಅಂತ ಬರಿ,” ಅಂದೆ. “ಇದೊಂದು ನಿಜ ತಾನೇ.”

ಅಕ್ಕ ಬರೆದಳು.