ಆಯಿಗೆ ಹೇಳಿದ ಇನ್ಸುಲಿನ್ ಪಾಠ

ಬಿ.ಎಸ್ಸಿ. ಓದಲು ನಾನು ಘೋಡಗೇರಿಯಿಂದ ಗೋಕಾಕಕ್ಕೆ ಬಂದಾಗ ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ಪಿಯುಸಿಯನ್ನು ಹೇಗೋ ಬಾಯಿಪಾಠದ ಬಲದಲ್ಲಿ ದಾಟಿದ್ದೆ. ಅಪ್ಪ ಗೋವಿನಜೋಳ ತಂದು ಹಾಕುತ್ತಿದ್ದ ಅಡತಿ ಅಂಗಡಿಯವರು ಜೈನರು, ನಮಗೆ ಹಳೆಯ ಪರಿಚಯ. ಅವರ ಮನೆಯ ಮುಂಭಾಗದ ಸಣ್ಣ ಕೋಣೆ ನನಗೆ ಸಿಕ್ಕಿತು, ಸಂಜೆಯ ಊಟವೂ ಅವರಲ್ಲೇ. ಅಂಗಡಿಯ ಯಜಮಾನರನ್ನು ಕಾಕಾ, ಅವರ ಹೆಂಡತಿಯನ್ನು ಕಾಕು ಎನ್ನುತ್ತಿದ್ದೆ. ಕಾಕಾನ ತಾಯಿಯನ್ನು ಮಾತ್ರ ಇಡೀ ಓಣಿಯೇ ಆಯಿ ಎಂದು ಕರೆಯುತ್ತಿತ್ತು.

ಆಯಿಗೆ ಆಗ ಎಪ್ಪತ್ತರ ಹತ್ತಿರ. ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸದೆ ಮುಟ್ಟುತ್ತಿರಲಿಲ್ಲ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುತ್ತಿದ್ದಳು. ಹುದುಗು ಹಾಕಿ ಮಾಡುತ್ತಾರೆಂದು ಬೇಕರಿಯ ಬ್ರೆಡ್ಡನ್ನು ಹೊಸ್ತಿಲೊಳಗೆ ಬಿಟ್ಟುಕೊಂಡಿರಲಿಲ್ಲ. ಆದರೆ ಊರಿಂದ ಬಂದ ನನ್ನ ಡಬ್ಬಿಯಲ್ಲಿ ಉಳ್ಳಾಗಡ್ಡಿ ಹಾಕಿದ ಪಲ್ಯವಿದ್ದರೆ ಒಂದು ಮಾತೂ ಆಡಿದವಳಲ್ಲ. "ನಿಮ್ಮ ಮನಿ ಊಟ ನಿನಗ, ನಮ್ಮ ಮನಿ ಊಟ ನಮಗ. ಹೊಟ್ಟಿ ತುಂಬ ತಿನ್ನ," ಎನ್ನುತ್ತಿದ್ದಳು.

ಎರಡನೆಯ ವರ್ಷದ ಮಳೆಗಾಲದಲ್ಲಿ ಆಯಿಯ ಬಲಗಾಲಿನ ಬೆರಳ ಬಳಿ ಒಂದು ಗಾಯವಾಯಿತು. ಸಕ್ಕರೆ ಕಾಯಿಲೆ ಹಳೆಯದು. ಗಾಯ ಮಾತ್ರ ಮಾಯಲೊಲ್ಲದು. ಗುಳಿಗೆ ಇನ್ನು ಸಾಲುವುದಿಲ್ಲ, ಇನ್ಸುಲಿನ್ ಸುರು ಮಾಡಲೇಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಆಯಿ ಅಲ್ಲಿಯೇ ಕೇಳಿದಳಂತೆ, ಅದನ್ನು ಏತರಿಂದ ಮಾಡುತ್ತಾರೆ ಎಂದು. ಹಂದಿಯಿಂದ ತೆಗೆದದ್ದೂ ಇದೆ, ಹೊಸ ನಮೂನೆಯದೂ ಇದೆ ಎಂದು ಅವರು ಇದ್ದದ್ದನ್ನು ಇದ್ದಂತೆ ಹೇಳಿದ್ದರು. ಹಂದಿ ಎನ್ನುವ ಮಾತು ಕಿವಿಗೆ ಬಿದ್ದ ಮೇಲೆ ಆಯಿ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ.

"ಕಾಲು ಹೋದ್ರ ಹೋಗ್ಲಿ. ಆ ಸೂಜಿ ನನಗ ಬ್ಯಾಡ," ಎಂದು ಮನೆಗೆ ಬಂದು ಕುಳಿತುಬಿಟ್ಟಳು.

ಮನೆಯವರೆಲ್ಲ ಹೆದರಿದ್ದಕ್ಕೆ ಕಾರಣವಿತ್ತು. ಹುಕ್ಕೇರಿಯಲ್ಲಿದ್ದ ಆಯಿಯ ಅಣ್ಣ ಇದೇ ಹಟ ಹಿಡಿದು, ಮೊದಲು ಕಣ್ಣು ಕಳೆದುಕೊಂಡು, ಆಮೇಲೆ ಜೀವವನ್ನೇ ಕಳೆದುಕೊಂಡಿದ್ದರು.

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಾಗ ಕಾಕಾ ಬಾಗಿಲ ಬಳಿ ತಡೆದರು. "ತಂಗಿ, ನೀ ಸಾಯನ್ಸ ಓದಾಕಿ. ನಿನ್ನ ಮಾತು ಅಕಿ ನಂಬ್ತಾಳ. ಅದು ಗಿಡಮೂಲಿಕೆ ಔಷಧ ಅಂತ ಹೇಳಿಬಿಡು. ಒಂದ ಸುಳ್ಳಿಲೆ ಜೀವ ಉಳದ್ರ ಏನ ತಪ್ಪೈತಿ?"

ನಾನು ನೆಟ್ಟಗೆ ಜೀವಶಾಸ್ತ್ರದ ಸರ್ ಹತ್ತಿರ ಹೋದೆ. ಮೇಲವಂಕಿಯಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದ ಆ ಸರ್, ಹಿಂದಿನ ವಾರವಷ್ಟೇ ನನ್ನ ಕಿರುಪರೀಕ್ಷೆಯ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ "ಇದು ನಿನ್ನ ಉತ್ತರವಲ್ಲ, ಪುಸ್ತಕದ್ದು" ಎಂದು ಬರೆದುಕೊಟ್ಟಿದ್ದರು. ಪ್ರಶ್ನೆ, ಜೀವಕೋಶ ಹೊರಗೆ ಕಳಿಸಬೇಕಾದ ಪ್ರೋಟೀನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಒಳಪೊರೆಯ ಜಾಲವನ್ನು ಹೇಗೆ ದಾಟುತ್ತದೆ ಎಂಬುದಾಗಿತ್ತು. ನಾನು ಎರಡು ಪುಟ ಇಂಗ್ಲಿಷ್ ಬರೆದಿದ್ದೆ. ಒಂದು ಸಾಲೂ ಅರ್ಥವಾಗಿರಲಿಲ್ಲ.

ಆಯಿಯ ಸಂಗತಿ ಕೇಳಿ ಸರ್, "ಈಗ ಯೀಸ್ಟಿನಿಂದ ಮಾಡಿದ ಇನ್ಸುಲಿನ್ ಸಿಗತೈತಿ. ಹಂದಿ ಸಂಬಂಧನ ಇಲ್ಲ. ಅದನ್ನ ಆಯಿಗೆ ಹೇಳು. ಆದ್ರ ಹೇಳೂಕಿಂತ ಮದಲ ನೀ ತಿಳಕೊ," ಎಂದು ಬೋರ್ಡಿನ ಮುಂದೆ ನಿಲ್ಲಿಸಿದರು. ಅಂದು ಅವರು ಒಂದೇ ಒಂದು ಇಂಗ್ಲಿಷ್ ವಾಕ್ಯ ಆಡಲಿಲ್ಲ.

ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರಪಳಿ, ಅದನ್ನು ಹೆಣೆಯುವುದು ರೈಬೋಸೋಮು ಎಂದರು. ಹೊರಗೆ ಹೋಗಬೇಕಾದ ಸರಪಳಿಯಾದರೆ ಅದರ ತಲೆಯಲ್ಲೇ ಒಂದು ಸಣ್ಣ ತುಂಡು ಇರುತ್ತದೆ, ವಿಳಾಸ ಬರೆದ ಹಾಗೆ. ಆ ತುಂಡು ರೈಬೋಸೋಮಿನಿಂದ ಹೊರಗೆ ಇಣುಕಿದ ಕೂಡಲೇ ಒಂದು ಕಣ ಬಂದು ಹಿಡಿದುಕೊಳ್ಳುತ್ತದೆ. ಹೆಣಿಗೆ ನಿಧಾನವಾಗುತ್ತದೆ. ಕಣವು ರೈಬೋಸೋಮನ್ನೂ ಸರಪಳಿಯನ್ನೂ ಕೂಡಿಯೇ ಪೊರೆಯ ಹತ್ತಿರ ಒಯ್ದು ಬಿಡುತ್ತದೆ. ಅಲ್ಲಿ ಒಂದು ಕಿಂಡಿ ತೆರೆಯುತ್ತದೆ. ಮತ್ತೆ ಹೆಣಿಗೆ ಸುರುವಾಗಿ, ಹೆಣೆದಂತೆ ಹೆಣೆದಂತೆ ಸರಪಳಿ ಆ ಕಿಂಡಿಯೊಳಗೆ ಇಳಿಯುತ್ತದೆ. ವಿಳಾಸದ ತುಂಡನ್ನು ಅಲ್ಲಿಯೇ ಕತ್ತರಿಸಿ ತೆಗೆಯುತ್ತಾರೆ.

"ತೆಗೀತಾರ ಅಂದ್ರ ಯಾರ್ರಿ ಸರ್?" ಎಂದು ಕೇಳಿದೆ.

ಸರ್ ನಕ್ಕರು. "ಅದೂ ಒಂದು ಪ್ರೋಟೀನ. ಈಗ ನೋಡು, ನಿನಗ ಪ್ರಶ್ನೆ ಹುಟ್ಟಾಕತ್ತಾವು."

ಒಳಗೆ ಇಳಿದ ಸರಪಳಿ ಮಡಚಿಕೊಂಡು, ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಕೊಂಡು, ಕೋಶದ ಅಂಚಿಗೆ ಬಂದು ಹೊರಗೆ ಬೀಳುತ್ತದೆ. ನಮ್ಮ ಹೊಟ್ಟೆಯೊಳಗಿನ ಇನ್ಸುಲಿನ್ನೂ ಹೀಗೇ ಹೊರಬೀಳುವುದು, ಎಮ್ಮೆಯ ಕೆಚ್ಚಲಿನಲ್ಲಿ ಹಾಲಿನ ಪ್ರೋಟೀನೂ ಹೀಗೇ ಎಂದರು. ಮನುಷ್ಯರ ಇನ್ಸುಲಿನ್ನಿನ ವಂಶವಾಹಿಯನ್ನು ಯೀಸ್ಟಿನಲ್ಲಿ ಸೇರಿಸಿ, ಅದರ ತಲೆಗೆ ಯೀಸ್ಟಿಗೆ ಅರ್ಥವಾಗುವ ವಿಳಾಸ ಹಚ್ಚಿಬಿಟ್ಟರೆ, ಅದು ತಾನೇ ಇನ್ಸುಲಿನ್ನನ್ನು ಹೊರಗೆ ಹಾಕುತ್ತದೆ. ಯೀಸ್ಟಿನಲ್ಲಿ ಕೆಲವು ಸರಪಳಿಗಳು ಪೂರ್ತಿ ತಯಾರಾದ ಮೇಲೆಯೇ ಪೊರೆ ದಾಟುತ್ತವೆ ಎಂದು ನಾನು ಬಹಳ ವರ್ಷಗಳ ನಂತರ ಓದಿದೆ. ಅಂದಿಗೆ ಸರ್ ಹೇಳಿದಷ್ಟೇ ಸಾಕಾಗಿತ್ತು. ಹದಿನೆಂಟು ವರ್ಷ ಅವ್ವ ಎಮ್ಮೆ ಕರೆಯುವುದನ್ನು ನೋಡುತ್ತ ಬೆಳೆದ ನನಗೆ ಅಂದು ಮೊದಲ ಸಲ ಒಂದು ಪಾಠ ಅರ್ಥವಾಗಿತ್ತು.

ಮಧ್ಯಾಹ್ನ ಆಯಿ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಅಕ್ಕಿ ಹಸನು ಮಾಡುತ್ತಿದ್ದಳು. ಎದುರು ಕುಳಿತು ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಯೀಸ್ಟ ಅಂದ್ರ ಬ್ರೆಡ್ಡಿಗೆ ಹಾಕ್ತಾರಲ್ಲ, ಅದ?"

"ಹೌದ್ರಿ ಆಯಿ."

"ಅದಕ್ಕೂ ಜೀವ ಐತಿ."

"ಐತ್ರಿ. ಆದ್ರ ಅದನ್ನ ಒಡದು ತಗಿಯೂದಿಲ್ರಿ. ಎಮ್ಮಿ ಹಾಲು ಕೊಟ್ಟಂಗ ತಾನ ಹೊರಗ ಹಾಕತೈತಿ."

"ಎಮ್ಮಿ ಎಲ್ಲಿ ಕೊಡತೈತಿ ತಂಗಿ? ಕರಕೊಳ್ಳಾವ್ರು ನಾವು." ಆಯಿ ಮೊರವನ್ನು ಕೆಳಗಿಟ್ಟಳು. "ಇರ್ಲಿ. ಕೊಟ್ಟಮ್ಯಾಲ ಆ ಯೀಸ್ಟಿನ ಜೀವ ಏನಾಗ್ತಾವು?"

ಬಾಗಿಲ ಮರೆಯಿಂದ ಕಾಕಾ 'ಬದುಕ್ತಾವು ಅನ್ನು' ಎಂದು ಸನ್ನೆ ಮಾಡುತ್ತಿದ್ದರು. ನಾಲಿಗೆಯ ತುದಿಗೆ ಬಂದೂಬಿಟ್ಟಿತ್ತು. ಆದರೆ ಆಯಿ ನನ್ನನ್ನೇ ನೋಡುತ್ತಿದ್ದಳು. "ಗೊತ್ತಿಲ್ರಿ ಆಯಿ. ಕೇಳ್ಕೊಂಡ ಬರ್ತೀನಿ," ಎಂದೆ. ಕಾಕಾ ಹಣೆ ಒತ್ತಿಕೊಂಡು ಒಳಗೆ ಹೋದರು.

ಅದು ಶನಿವಾರ. ಮತ್ತೆ ಕಾಲೇಜಿಗೆ ಓಡಿದೆ, ಆಗಲೇ ಹೊರಟುಹೋಗಿದ್ದ ಸರ್ ಅವರನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದೆ. "ಸೋಮವಾರ ಹೇಳ್ತೀನಿ," ಎಂದಷ್ಟೇ ಹೇಳಿ ಬಸ್ಸು ಹತ್ತಿದರು. ಸೋಮವಾರ ಮೊದಲ ಪಿರಿಯಡ್ಡಿಗೆ ಮುಂಚೆಯೇ ನನ್ನನ್ನು ಕರೆದರು.

"ಇನ್ಸುಲಿನ್ ಸೋಸಿ ತಗದಮ್ಯಾಲ ಉಳದ ಯೀಸ್ಟ ಸಾಯತೈತಿ, ತಂಗಿ. ಅದನ್ನ ಯಾರೂ ಜ್ವಾಕಿ ಮಾಡೂದಿಲ್ಲ."

"ಹಂಗ ಹೇಳಿದ್ರ ಆಯಿ ಒಲ್ಲೆ ಅಂತಾರ್ರಿ."

"ಅಂದ್ರ ಅನ್ಲಿ. ಕಾಲು ಅವರದು, ವ್ರತ ಅವರದು. ಖರೆ ಏನೈತಿ ಅದನ್ನ ಹೇಳೂದು ಅಷ್ಟ ನಮ್ಮ ಕೆಲಸ."

ಅಂದು ಮನೆಗೆ ನಡೆದುಹೋಗುವಾಗ ನನಗೆ ಅಳು ಬರುತ್ತಿತ್ತು. ಆಯಿಯ ಮುಂದೆ ನಿಂತು, ಸರ್ ಹೇಳಿದ್ದನ್ನು ಹಾಗೆಯೇ ಹೇಳಿಬಿಟ್ಟೆ. ಆಯಿ "ಆತು," ಎಂದಳು. ಅಷ್ಟೇ. ಎರಡು ದಿನ ಆ ಮಾತನ್ನು ಎತ್ತಲಿಲ್ಲ. ಕೋಲು ಹಿಡಿದುಕೊಂಡು ಬಸದಿಗೆ ಹೋಗುವಳು, ಬರುವಳು, ಊಟ ಮಾಡುವಳು. ಕಾಕಾ ನನ್ನೊಡನೆ ಮಾತು ಬಿಟ್ಟಿದ್ದರು. ಕಾಕು ಮಾತ್ರ ನನ್ನ ತಾಟಿಗೆ ಎಂದಿಗಿಂತ ಒಂದು ಭಕ್ಕರಿ ಹೆಚ್ಚು ಹಾಕಿದರು.

ಮೂರನೆಯ ದಿನ ಬೆಳಿಗ್ಗೆ ಆಯಿ ಬಚ್ಚಲ ಹತ್ತಿರ ನೀರು ಸೋಸುತ್ತ ನನ್ನನ್ನು ಕರೆದಳು.

"ಇಷ್ಟು ವರ್ಷ ನೀರು ಸೋಸೇನಿ. ಸೋಸಿದ್ರೂ ಅದರಾಗ ಜೀವ ಇರ್ತಾವು ಅಂತ ನನಗ ಗೊತ್ತಿಲ್ಲೇನು? ಆದರೂ ಕುಡೀತೀನಿ. ಹಂದಿ ಕೊಂದದ್ದು ನನ್ನ ಕಡಿಂದ ಆಗೂದಿಲ್ಲ. ಇದನ್ನ ತಗೋತೀನಿ. ಆದ್ರ ಪಾಪ ಇಲ್ಲ ಅಂತ ತಗೋಳೂದಿಲ್ಲ, ಐತಿ ಅಂತ ಗೊತ್ತಿದ್ದ ತಗೋತೀನಿ. ನೀ ಖರೆ ಹೇಳಿದಿ, ಛಲೋ ಮಾಡಿದಿ. ಸುಳ್ಳು ಹೇಳಿದ್ದಿ ಅಂತ ಮುಂದ ಗೊತ್ತಾಗಿದ್ರ ಸೂಜೀನೂ ಬಿಡತಿದ್ದೆ, ನಿನ್ನೂ ಬಿಡತಿದ್ದೆ."

ಸೂಜಿ ಹಾಕುವುದನ್ನು ನಾನೇ ದವಾಖಾನೆಯ ಸಿಸ್ಟರ್ ಹತ್ತಿರ ಕಲಿತೆ. ಬೆಳಿಗ್ಗೆ ನಾಷ್ಟಾಕ್ಕೆ ಮೊದಲು ಆಯಿ ಸ್ಟೂಲಿನ ಮೇಲೆ ಕುಳಿತು ಸೆರಗು ಸರಿಸುತ್ತಿದ್ದಳು. ಸೂಜಿ ಚುಚ್ಚುವ ಮುಂಚೆ ಕಣ್ಣು ಮುಚ್ಚಿ, ಕೈ ಮುಗಿದು, ತುಟಿ ಅಲ್ಲಾಡಿಸುತ್ತಿದ್ದಳು. ಆ ಯೀಸ್ಟಿನ ಜೀವಗಳ ಕ್ಷಮೆ ಕೇಳುತ್ತಾಳೆಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಇನ್ನು ಉಪವಾಸ ಕೂಡದು ಎಂದು ಡಾಕ್ಟರು ಹೇಳಿದಾಗ, ಜೈನರ ದಶಲಕ್ಷಣ ಪರ್ವದ ಹತ್ತು ದಿನ ಊಟ ಬಿಡುವ ಬದಲು ಮಾತು ಬಿಟ್ಟಳು. ಮನೆಯವರಿಗೆ ಅದೇ ಹೆಚ್ಚು ಕಷ್ಟವಾಯಿತು.

ದೀಪಾವಳಿಯ ಹೊತ್ತಿಗೆ ಗಾಯ ಪೂರ್ತಿ ಮಾಯಿತು. ಕಾಕಾ ಒಂದು ದಿನ ಅಂಗಡಿಯಿಂದ ಬರುವಾಗ ನನಗೊಂದು ಪೆನ್ನು ತಂದುಕೊಟ್ಟು ಒಳಗೆ ಹೋದರು. ಆ ವರ್ಷದ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರಲಿಲ್ಲ. ಬಂದಿದ್ದರೆ ನಾಲ್ಕು ಪುಟ ಬರೆಯುತ್ತಿದ್ದೆ. ಪದವಿ ಮುಗಿಸಿ ನಾನು ಗೋಕಾಕ ಬಿಡುವ ದಿನ ಆಯಿ ಕಾಕುವಿನ ಕೈಗೆ ಸಿರಿಂಜು ಕೊಟ್ಟು, "ಇಕಿ ಕೈ ಹಗೂರ ಇತ್ತು. ನೀ ಹೆಂಗ ಚುಚ್ಚತಿ ನೋಡೂಣು," ಎಂದು ನಮ್ಮಿಬ್ಬರನ್ನೂ ನಗಿಸಿ ನನ್ನನ್ನು ಕಳಿಸಿದಳು. ಆಮೇಲೆ ಆರು ವರ್ಷ ಎರಡೂ ಕಾಲಿನ ಮೇಲೆ ಬಸದಿಗೆ ನಡೆದುಹೋದಳು.

ಮುಂದೆ ಎಂ.ಎಸ್ಸಿ. ಮಾಡಿ ನಾನು ಮೂಡಲಗಿಯಲ್ಲಿ ಪಿಯು ಮಕ್ಕಳಿಗೆ ಪಾಠ ಹೇಳತೊಡಗಿದೆ. ಮೊದಲ ಪಗಾರ ಬಂದ ಭಾನುವಾರ ಸರ್ ಅವರನ್ನು ಕಾಣಲು ಮೇಲವಂಕಿಗೆ ಹೋದೆ. ಆಗ ಅವರು ನಿವೃತ್ತರಾಗಿದ್ದರು, ಕಬ್ಬಿನ ಹೊಲದ ಬದುವಿನ ಮೇಲೆ ಸಿಕ್ಕರು. ಆಯಿಯ ವಿಷಯ ತೆಗೆದು, ಅಂದು ನೀವು ಖರೆ ಹೇಳು ಎಂದದ್ದಕ್ಕೇ ಎಲ್ಲ ಸರಿಹೋಯಿತು ಎಂದೆ.

ಸರ್ ಸಂಕೋಚದಿಂದ ನಕ್ಕರು. "ಉಳದ ಯೀಸ್ಟ ಏನಾಗತೈತಿ ಅಂತ ನನಗರ ಎಲ್ಲಿ ಗೊತ್ತಿತ್ತು ತಂಗಿ? ಆ ರವಿವಾರ ಧಾರವಾಡಕ್ಕ ಹೋಗಿ, ನನ್ನ ಗೆಳೆಯಾನ್ನ ಹಿಡಕೊಂಡು, ಪುಸ್ತಕ ತಗಿಸಿ ಓದಿ ಬಂದೆ. ಹಳ್ಳಿ ಹುಡುಗಿ ಒಂದು ಪ್ರಶ್ನೆ ಕೇಳ್ಯಾಳ, ಗೊತ್ತಿಲ್ಲ ಅಂತ ಹೆಂಗ ಬಿಡೂದು?"

ಅಲ್ಲಿಯತನಕ ನನಗೆ ಇದು ಗೊತ್ತಿರಲಿಲ್ಲ. ಮೇಲವಂಕಿಯಿಂದ ಧಾರವಾಡಕ್ಕೆ ಬಸ್ಸು ಬದಲಿಸಿ ಹೋಗಿ ಬರಲು ಇಡೀ ಒಂದು ದಿನ ಬೇಕು. ಬಗ್ಗಿ ಅವರ ಕಾಲು ಮುಟ್ಟಿದೆ. "ಏ, ಕೆಸರೈತಿ, ಏಳ ಏಳ," ಎಂದು ಗದರಿಸಿ ಸರ್ ನನ್ನನ್ನು ಮನೆಗೆ ಚಹಾಕ್ಕೆ ಕರೆದುಕೊಂಡು ಹೋದರು.