ಕಡಿಮೆ ಬಡಿಸಲು ಕಲಿತ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಂಡ್ಯದ ಖಾಸಗಿ ಆಸ್ಪತ್ರೆಯೊಂದರ ಹಿಂಬದಿಯ ಕ್ಯಾಂಟೀನಿನಲ್ಲಿ ಚಿಕ್ಕಬೋರಮ್ಮ ಎರಡು ಒಲೆ ಹೊತ್ತಿಸಿದ್ದಾರೆ. ಒಂದರ ಮೇಲಿದ್ದ ದೊಡ್ಡ ಪಾತ್ರೆಯನ್ನು ನೆಲಕ್ಕಿಳಿಸಿ, ಮುದ್ದೆಕೋಲು ಹಿಡಿದು ರಾಗಿಹಿಟ್ಟನ್ನು ತಿರುವುತ್ತಾರೆ. ಇನ್ನೊಂದರ ಮೇಲೆ ಸಣ್ಣ ಪಾತ್ರೆ. ಅದರಲ್ಲಿ ನೀರಿನಷ್ಟು ತೆಳ್ಳಗಿನ ಅಂಬಲಿ. ಅದನ್ನು ಬಿಳಿಯ ಬಟ್ಟೆಯಲ್ಲಿ ಸೋಸಿ ಮುಚ್ಚಿಡುತ್ತಾರೆ. ದೊಡ್ಡ ಪಾತ್ರೆ ಊಟಕ್ಕೆ ಬರುವ ಎಲ್ಲರಿಗೆ. ಸಣ್ಣದು 'ಬಲೂನಿನವರಿಗೆ'.

"ದೊಡ್ಡುದ್ನ ಕಣ್ಮುಚ್ಕೊಂಡು ಮಾಡ್ತೀನಿ. ಈ ಸಣ್ಣುದ್ಕೇ ನಂಗೆ ಬಯ" ಎನ್ನುತ್ತಾರೆ.

ಬಲೂನಿನವರೆಂದರೆ ಮೈತೂಕ ಇಳಿಸಲು ಜಠರದೊಳಗೆ ಬಲೂನು ಹಾಕಿಸಿಕೊಂಡವರು. ಇದಕ್ಕೆ ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಮಂಪರು ಬರಿಸಿ, ಮಡಿಸಿದ ಮೆತ್ತನೆಯ ಬಲೂನನ್ನು ಬಾಯಿಯ ಮೂಲಕ ಒಳಗಿಳಿಸಿ, ಅದಕ್ಕೆ ಅರ್ಧ ಲೀಟರಿನಷ್ಟು ಉಪ್ಪುನೀರು ತುಂಬುತ್ತಾರೆ. ಆಮೇಲೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಸುಮಾರು ಆರು ತಿಂಗಳ ಮೇಲೆ ಹೋದ ದಾರಿಯಲ್ಲೇ ಹೊರತೆಗೆಯುತ್ತಾರೆ. ಅಷ್ಟರಲ್ಲಿ ಉಣ್ಣುವ ರೀತಿ ಬದಲಾಗದಿದ್ದರೆ ಇಳಿದ ತೂಕ ಮತ್ತೆ ಏರುತ್ತದೆ. ಮೊದಲ ದಿನಗಳಲ್ಲಿ ವಾಕರಿಕೆ, ಸಂಕಟ ಇದ್ದದ್ದೇ. ಆಗ ಸೋಸಿದ ಪಾನೀಯ ಮಾತ್ರ, ನಂತರ ಗಂಜಿ, ಅದಾದ ಮೇಲೆ ಮೆತ್ತನೆಯ ಊಟ. ಈ ಬಗೆಯ ಊಟ ಮಾಡಿಕೊಡುವವರು ಚಿಕ್ಕಬೋರಮ್ಮ.

ಇವರು ವೈದ್ಯನಾಥಪುರದ ಮಗಳು, ಹನಕೆರೆಯ ಸೊಸೆ. ಗಂಡ ಅಂಕಯ್ಯ ತೀರಿಕೊಂಡಾಗ ಇಬ್ಬರು ಹೆಣ್ಣುಮಕ್ಕಳೂ ಇನ್ನೂ ಚಿಕ್ಕವರು. ಅಡುಗೆಯವರ ತಂಡ ಸೇರಿ ಮದ್ದೂರು, ಮಳವಳ್ಳಿ ಕಡೆಯ ಬೀಗರೂಟಗಳಿಗೆ ಮುದ್ದೆ ಕಟ್ಟಿದರು. ಪಂಕ್ತಿಯಲ್ಲಿ ಬೇಡವೆಂದವನ ಎಲೆಗೂ ಮುದ್ದೆ ಇಟ್ಟು ಮುಂದೆ ಹೋಗುವವರೆಂದು ಹೆಸರಾಗಿದ್ದರು. ಮಂಡಿ ನೋವು ಬಂದ ಮೇಲೆ ತಿರುಗಾಟ ಬಿಟ್ಟು ಈ ಕ್ಯಾಂಟೀನು ಹಿಡಿದರು. ಹನಕೆರೆಯಲ್ಲಿ ನಸುಕಿನ ರೈಲು ಹತ್ತಿ ಬರುತ್ತಾರೆ. ಹೋದ ವರ್ಷ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡ ನನ್ನ ಹೆಂಡತಿಗೆ ನಾನು ಕುಡಿಸಿದ ಕೊನೆಯ ಎರಡು ಚಮಚ ಗಂಜಿಯೂ ಇವರ ಕೈಯದೇ ಎಂದು, ಇವರ ಬಗ್ಗೆ ಬರೆಯಲು ಬಂದ ನನಗೆ ಈಗ ತಿಳಿಯಿತು. ಎಲ್ಲ ದೇವರು ನಡೆಸಿದಂತೆ.

ಬಲೂನು ಹಾಕುವ ವೈದ್ಯೆ ಡಾ. ಮುಸರತ್ ಇದೇ ಊರಿನವರು. "ದ್ರವಾಹಾರ ತಗೊಳ್ಳಿ ಅಂತೀವಿ. ಮನೆಗೆ ಹೋದ ಮೇಲೆ ಎಷ್ಟು ತೆಳ್ಳಗೆ, ಎಷ್ಟು ಹೊತ್ತಿಗೆ ಅಂತ ಗಾಬರಿ ಆಗ್ತಾರೆ. ಅದಕ್ಕೇ ಬೋರಮ್ಮನ ಹತ್ತಿರ ಒಂದು ಸಲ ಕುಡಿದು ಹೋಗಿ ಅಂತ ಕಳಿಸ್ತೀನಿ" ಎನ್ನುತ್ತಾರೆ.

ಹಾಗೆ ಬಂದವರಲ್ಲಿ ಆತಗೂರಿನ ಶಿವರಾಜು ಒಬ್ಬರು. ಆಲೆಮನೆ ನಡೆಸುವ ಎತ್ತರದ ಆಳು. ತಂಗಿ ಕುಸುಮಳ ಎರಡೂ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ನಡೆಯುತ್ತಿದೆ. ಅಣ್ಣನ ಮೂತ್ರಪಿಂಡ ಹೊಂದುತ್ತದೆ. ಆದರೆ ನೂರಾ ಹದಿನಾಲ್ಕು ಕಿಲೋ ತೂಗುತ್ತಿದ್ದ ಆತನಿಂದ ಅದನ್ನು ತೆಗೆಯಲು ಮೈಸೂರಿನ ವೈದ್ಯರು ಒಪ್ಪಲಿಲ್ಲ. ನೂರರೊಳಗೆ ಇಳಿದು ಬನ್ನಿ ಎಂದರು. ಕುಸುಮಳ ದೇಹ ದಿನೇದಿನೇ ಸೋಲುತ್ತಿತ್ತು. ಅದಕ್ಕಾಗಿ ಆತ ಬಲೂನು ಹಾಕಿಸಿಕೊಂಡರು.

ಎಡವಿದ್ದು ಮಳವಳ್ಳಿಯ ಬೀಗರೂಟದಲ್ಲಿ. ಆಡುಮಾತಿನಲ್ಲಿ 'ಇಟ್ಟು' ಅನ್ನುವ ಮುದ್ದೆಯನ್ನು ನಮ್ಮ ಕಡೆ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೆಯೇ ನುಂಗುತ್ತೇವೆ. ಅಗಿದವನನ್ನು ಕಂಡರೆ ಪಕ್ಕದವನು ನಗುತ್ತಾನೆ. ನಂಟರ ಬಲವಂತಕ್ಕೆ ಶಿವರಾಜು ಒಂದು ಮುದ್ದೆ ನುಂಗಿದರು. ಒಳಗೆ ಅದಕ್ಕೆ ಜಾಗವೆಲ್ಲಿ? ಬಲೂನಿನ ಮೇಲೆ ಹಿಟ್ಟು ಕೂತು, ವಾಂತಿ ನಿಲ್ಲದೆ ಆಸ್ಪತ್ರೆಗೆ ಬಂದರು. ಡಾ. ಮುಸರತ್ ಪರೀಕ್ಷಿಸಿ, ಬಲೂನಿಗೆ ಏನೂ ಆಗಿಲ್ಲ, ತಾಳಲಾಗದಿದ್ದರೆ ತೆಗೆದುಬಿಡುತ್ತೇನೆ, ಯೋಚಿಸಿ ಹೇಳಿ ಎಂದರು.

ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಶಿವರಾಜು ಚಿಕ್ಕಬೋರಮ್ಮನಿಗೆ ಹೇಳಿದರಂತೆ: "ತಗ್ಸಾಕ್ತೀನಿ ಕಣವ್ವ. ಇಟ್ಟು ಇಲ್ದೆ ನನ್ ಕೈಲಿ ಬದುಕಾಕಾಗಾಕಿಲ್ಲ."

"ತಗ್ಸು. ತಗ್ಸಿ, ಕುಸುಮನ ಎದುರ್ಗೆ ಕುಂತ್ಕೊಂಡು ಎಲ್ಡು ಮುದ್ದೆ ನುಂಗು, ಓಗು."

"ಇಂಗಂದ್ರೆ ಎಂಗವ್ವ?"

"ಇನ್ನೆಂಗಂತಾರ್ಲಾ? ಇಟ್ಟು ಬ್ಯಾಡ ಅಂದೋರ್ಯಾರು? ಅಗ್ದು ತಿನ್ನು."

"ಅಗ್ದ್ರೆ ನಗ್ತಾರೆ ಕಣವ್ವ."

ಆತ ಅಂದು ಬಲೂನು ತೆಗೆಸದೆ ಊರಿಗೆ ಹೋದರು. ಮೆತ್ತನೆಯ ಊಟ ಮಾಡಬಹುದೆಂದು ವೈದ್ಯೆ ಮತ್ತೆ ಹೇಳಿದ ದಿನ ಚಿಕ್ಕಬೋರಮ್ಮ ನಿಂಬೆಹಣ್ಣಿನ ಗಾತ್ರದ ಎರಡು ಮುದ್ದೆ ಕಟ್ಟಿದರು. ಒಂದನ್ನು ಶಿವರಾಜುವಿನ ತಟ್ಟೆಗಿಟ್ಟು, ಇನ್ನೊಂದನ್ನು ತಾವಿಟ್ಟುಕೊಂಡು ಎದುರಿಗೆ ಕೂತರು. ಮಧ್ಯಾಹ್ನದ ಹೊತ್ತು, ಕ್ಯಾಂಟೀನು ತುಂಬಿತ್ತು. ಆಯುಷ್ಯವೆಲ್ಲ ಮುದ್ದೆ ಕಟ್ಟಿದ ಹೆಂಗಸು ಎಲ್ಲರ ಮುಂದೆ ಒಂದೊಂದೇ ಚೂರನ್ನು ಬಾಯಿಗಿಟ್ಟು ಅಗಿಯತೊಡಗಿದರು.

ಪಕ್ಕದ ಮೇಜಿನಲ್ಲಿದ್ದ ಆಟೋ ಮಜೀದ್ ಸುಮ್ಮನಿರಲಿಲ್ಲ. "ಏನ್ ಬೋರವ್ವ, ಅಲ್ಲು ಅವೋ ಇಲ್ವೋ ಅಂತ ನೋಡ್ಕತಿದ್ದೀಯಾ?"

"ಅವೆ ಕಣ್ಲಾ ಮಜೀದ. ಅನುಮಾನ ಇದ್ರೆ ಬಾಯೊಳ್ಗೆ ಬೆಳ್ಳು ಮಡುಗಿ ನೋಡು ಬಾ!"

ಇಡೀ ಕ್ಯಾಂಟೀನು ನಕ್ಕಿತು. ಆದರೆ ನಗುವೆಲ್ಲ ಮಜೀದನ ಕಡೆ ತಿರುಗಿತು. ಶಿವರಾಜು ತಲೆ ತಗ್ಗಿಸಿ ನಿಧಾನವಾಗಿ ಅಗಿದು ಉಂಡರು. ಅಂದಿನಿಂದ ಆತ ತಪಾಸಣೆಗೆ ಬಂದಾಗಲೆಲ್ಲ ಇಬ್ಬರದೂ ಎದುರುಬದುರು ಊಟ. ಈಗ ಬೇರೆ ಬಲೂನಿನವರೂ ಆ ಮೇಜಿಗೇ ಬರುತ್ತಾರೆ.

ಇದು ಸುಲಭವಾಗಿತ್ತೇ ಎಂದು ಕೇಳುತ್ತೇನೆ. ಚಿಕ್ಕಬೋರಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. "ಇಲ್ಲ ಬುಡಿ ಸ್ವಾಮಿ. ಅಸ್ಕಂಡ್ ಬಂದೋನ ತಟ್ಟೆಗೆ ಇಸ್ಟೇ ಇಸ್ಟು ಇಕ್ಕಾದು ಅಂದ್ರೆ ಎದೆ ಚುರ್ ಅಂತದೆ. ತೌರೂರ್ ದೇವ್ರೇ ವೈದ್ನಾತಪ್ಪ, ಪಾಪ ಅಂತ ಎಣಿಸ್ಬ್ಯಾಡ ಅಂತ ಬೇಡ್ಕಂಡು ಇಕ್ತೀನಿ."

ಇಂದು ಶಿವರಾಜುವಿನ ಬಲೂನು ತೆಗೆಯುವ ದಿನ. ಹೋದ ತಿಂಗಳ ತೂಕ ನೂರೆರಡು. ಇಂದೂ ನೂರರೊಳಗೆ ಬಾರದಿದ್ದರೆ ಮೈಸೂರಿನ ದಾರಿ ಮತ್ತೆ ದೂರವಾಗುತ್ತದೆ. ಅಣ್ಣ ತಂಗಿ ಜೊತೆಯಲ್ಲೇ ಬಂದಿದ್ದಾರೆ. ಆತನದು ಖಾಲಿ ಹೊಟ್ಟೆ, ನೀರೂ ಕುಡಿದಿಲ್ಲ. "ನೂರರ್ ಮ್ಯಾಲೆ ಬಂದ್ರೆ ಬಲೂನಿಂದು ಅರ್ದ ಕೆಜಿ ಕಳೀರಿ ಅಂತ ಜಗಳಾಡ್ತೀನಿ ಕಣವ್ವ" ಎಂದು ಮೆಟ್ಟಿಲು ಹತ್ತುತ್ತಾರೆ. ಯಾರೂ ನಗುವುದಿಲ್ಲ.

ಕುಸುಮ ಬೆಂಚಿನ ಮೇಲೆ ಕೂರುತ್ತಾಳೆ. ಕಾಲು ಊದಿದೆ, ಮುಖ ಬಿಳಿಚಿದೆ. ಚಿಕ್ಕಬೋರಮ್ಮ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾರೆ. ತಿಂಡಿಯ ಗದ್ದಲ ಕಳೆಯುತ್ತದೆ. ಕೊನೆಗೆ ಡಾ. ಮುಸರತ್ ತಾವೇ ಇಳಿದು ಬರುತ್ತಾರೆ.

"ತೊಂಬತ್ತೊಂಬತ್ತು. ಬಲೂನು ತೆಗೆಯೋಕೆ ಮೊದಲೇ ತೂಗಿದ್ದು. ಬಲೂನೂ ಸಲೀಸಾಗಿ ಬಂತು. ಮಂಪರು ಇಳಿದ ಮೇಲೆ ಕೆಳಗೆ ಕಳಿಸ್ತೀನಿ. ಮೈಸೂರಿಗೆ ಇವತ್ತೇ ಹೇಳ್ತೀನಿ."

ಕುಸುಮ ವೈದ್ಯೆಯ ಕೈ ಹಿಡಿದುಕೊಳ್ಳುತ್ತಾಳೆ. ಚಿಕ್ಕಬೋರಮ್ಮ ಗೋಡೆಯ ಕಡೆ ತಿರುಗಿ ಕೈ ಮುಗಿಯುತ್ತಾರೆ. ಆ ಗೋಡೆಯಲ್ಲಿ ದೇವರ ಪಟವಿಲ್ಲ. ಅವರಿಗೆ ಅದು ಬೇಕೂ ಇಲ್ಲ.

ಬಹಳ ಹೊತ್ತಿನ ಮೇಲೆ ಶಿವರಾಜು ಗೋಡೆ ಹಿಡಿದು ಇಳಿದು ಬರುತ್ತಾರೆ. ಅವರಿಗೆ ಸೋಸಿದ ಅಂಬಲಿ ಬರುತ್ತದೆ, ಅರ್ಧ ಲೋಟ. ಡಯಾಲಿಸಿಸ್‌ನವರಿಗೆ ನೀರೂ ಅಳತೆಯದೇ. ಕುಸುಮ ಆ ಲೋಟವನ್ನು ನೋಡಿ ಸಣ್ಣಗೆ ನಗುತ್ತಾಳೆ.

"ನಂಗೇನೂ ಇಲ್ವೇನವ್ವ?"

ಚಿಕ್ಕಬೋರಮ್ಮ ಅವಳ ಪಕ್ಕದಲ್ಲಿ ಕೂರುತ್ತಾರೆ. "ಈಗ ಇಲ್ಲ ಕಣಮ್ಮ. ಆಪ್ರೇಸನ್ ಆಗಿ, ಡಾಕ್ಟ್ರು ಊಂ ಅಂದ್ಮೇಲೆ ಇಲ್ಗೇ ಬಾ. ಅವತ್ತು ನೀನು ಸಾಕು ಅನ್ನಗಂಟ ಇಕ್ತೀನಿ. ನಂಗೂ ಒಬ್ರಿಗೆ ಕೈತುಂಬ ಇಕ್ಬೇಕು ಅಂತ ಆಸೆ ಅದೆ."