ಅಕ್ಕ ಮಾಡಿದ ಕುಸುರೆಳ್ಳು

ನಾನು ಚಿಕ್ಕವಳಿದ್ದಾಗ ಸಂಕ್ರಮಣ ಬಂತೆಂದರೆ ಚಳಿಗೂ ಒಂದು ಕೆಲಸ ಇರುತ್ತಿತ್ತು. ಎಳ್ಳಿನ ಮೇಲೆ ಸಕ್ಕರೆ ಪಾಕದ ಸಣ್ಣ ಮುಳ್ಳು ಏಳಿಸಿ ಕುಸುರೆಳ್ಳು ಮಾಡಲು ಮೈ ನಡುಗಿಸುವ ಚಳಿಯೇ ಬೇಕು. ಅದಕ್ಕೇ ಬೆಳಗಾಗುತ್ತಲೇ ಅಂಗಳದಲ್ಲಿ ಕೂತು ಮಾಡುತ್ತಿದ್ದರು. ಸೂರ್ಯ ಉತ್ತರಕ್ಕೆ ಹೊರಳಿದ ಮೇಲೆ ಹಗಲು ದಿನಕ್ಕೊಂದು ಎಳ್ಳಿನಷ್ಟು ಬೆಳೆಯುತ್ತದೆ ಎಂದು ಅವ್ವ ಹೇಳುತ್ತಿದ್ದಳು.

ಆ ವರ್ಷ ಅವ್ವ ಬಾಣಂತಿ. ತಮ್ಮ ಹುಟ್ಟಿ ತಿಂಗಳು ತುಂಬಿರಲಿಲ್ಲ. ಅವಳು ಚಳಿಗೆ ಹೊರಬರುವಂತಿರಲಿಲ್ಲ. "ಈ ಸಲ ಜಮಖಂಡಿ ಪ್ಯಾಟಿಯಿಂದ ತಂದ್ರಾತು ಬಿಡು" ಎಂದ ಅಪ್ಪ.

ಹನ್ನೊಂದು ವರ್ಷದ ಅಕ್ಕ ಒಪ್ಪಲಿಲ್ಲ. "ಬ್ಯಾಡಪ್ಪಾ. ನಮ್ಮ ಮನಿದು ನಾವ ಮಾಡ್ಬೇಕು. ನಾ ಮಾಡ್ತೇನಿ."

ಶೆಗಡಿ ಒಲೆಯಲ್ಲಿ ಸಣ್ಣ ಕೆಂಡ, ಅದರ ಮೇಲೆ ತಟ್ಟೆಯಂಥ ಅಗಲ ಹಿತ್ತಾಳೆಯ ಪರಾತ, ಪರಾತದಲ್ಲಿ ಒಂದು ಹಿಡಿ ಎಳ್ಳು. ಅಕ್ಕ ಚಮಚದಿಂದ ಪಾಕ ಹನಿಸಿ, ಬೆರಳ ತುದಿಯಿಂದ ಎಳ್ಳನ್ನು ಮೆಲ್ಲಗೆ ಆಡಿಸುತ್ತಿದ್ದಳು. "ಅವಸರ ಮಾಡಬ್ಯಾಡ. ಒಣಗಿದ ಮ್ಯಾಲ ಇನ್ನೊಂದು ಹನಿ" ಎಂದು ಒಳಗಿನಿಂದ ಅವ್ವ ಹೇಳಿಕೊಡುತ್ತಿದ್ದಳು. ಎರಡನೆಯ ದಿನ ನಾನು ತಡೆಯಲಾಗದೆ, ಬೇಗ ಆಗಲೆಂದು ಕೆಂಡವನ್ನು ಜೋರಾಗಿ ಊದಿಬಿಟ್ಟೆ. ಪಾಕ ಕೆಂಪಾಗಿ ಎಳ್ಳೆಲ್ಲ ಮುದ್ದೆಯಾಯಿತು.

"ಊದಬ್ಯಾಡ ಅಂದಿದ್ನಿಲ್ಲ!" ಎನ್ನುತ್ತಾ ಅಕ್ಕ ಅತ್ತೇಬಿಟ್ಟಳು. ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು. ಕಣ್ಣೊರೆಸಿಕೊಂಡು, ಪರಾತ ತೊಳೆದು, ಹೊಸ ಎಳ್ಳು ಹಾಕಿ ಮತ್ತೆ ಕೂತಳು. ನಾನು ದೂರ ಕೂತು ನೋಡಿದೆ.

ಸಂಕ್ರಮಣದ ದಿನ ಅವ್ವನ ಬಳಿ ಹಬ್ಬಕ್ಕೆ ಬಂದಿದ್ದ ಅತ್ತೆಯನ್ನು ಬಿಟ್ಟು, ಅಪ್ಪ ಗಾಡಿ ಹೂಡಿದ. ಅರೆದ ಎಳ್ಳು ಮೈಗೆ ಹಚ್ಚಿಕೊಂಡು ಚಿಕ್ಕಪಡಸಲಗಿಯ ಹತ್ತಿರ ಹೊಳೆಗೆ ಇಳಿದೆವು. ಮೂರು ಮುಳುಗು ಹಾಕುವಷ್ಟರಲ್ಲಿ ಹಲ್ಲು ಕಟಕಟ ಎಂದವು. ಆಮೇಲೆ ಓಣಿಯವರೆಲ್ಲ ಬಿಸಿಲು ಕಾಯುತ್ತಾ ಮರಳಿನ ಮೇಲೆ ಬುತ್ತಿ ಬಿಚ್ಚಿದರು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು.

ಊಟಕ್ಕೆ ಮೊದಲು ಅಕ್ಕ ಡಬ್ಬಿ ಹಿಡಿದು ಎಲ್ಲರಿಗೂ ಕುಸುರೆಳ್ಳು ಕೊಡುತ್ತಾ ಹೋದಳು. ನಮ್ಮ ಓಣಿಯ ದೊಡ್ಡವ್ವ ಯಾರ ಕೈಯ ಅಡುಗೆಯನ್ನೂ ಸುಲಭಕ್ಕೆ ಮೆಚ್ಚುವವಳಲ್ಲ. ಅವಳು ನಾಲ್ಕು ಕಾಳನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದಳು. ಒಂದೊಂದು ಕಾಳಿನ ಸುತ್ತಲೂ ಬೆಳ್ಳನೆಯ ಮುಳ್ಳು!

"ನಿಮ್ಮವ್ವ ಬಾಣಂತಿ ಅದಾಳಲ್ಲ. ಯಾರು ಮಾಡಿದ್ರವಾ ಇದನ್ನ?"

ಅಕ್ಕ ನಾಚಿ ತಲೆ ತಗ್ಗಿಸಿದಳು. ದೊಡ್ಡವ್ವ ಅವಳ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳ ತುದಿಗಳಲ್ಲಿ ಸುಟ್ಟ ಗುಳ್ಳೆಗಳಿದ್ದವು. ಆಗ, ಎಂದೂ ದೊಡ್ಡ ದನಿ ತೆಗೆಯದ ಅಪ್ಪ, ಹೊಳೆದಂಡೆಗೆಲ್ಲ ಕೇಳುವಂತೆ ಹೇಳಿದ: "ನಮ್ಮ ಮಗಳು ಮಾಡ್ಯಾಳ್ರೀ! ಒಬ್ಬಾಕಿನ ಮಾಡ್ಯಾಳ!"

ದೊಡ್ಡವ್ವ ತಾನು ತಂದಿದ್ದ ಕುಸುರೆಳ್ಳಿನ ಡಬ್ಬಿ ಮುಚ್ಚಿ ಬದಿಗಿಟ್ಟಳು. "ಇವತ್ತು ಎಲ್ಲಾರೂ ಈ ಕೂಸಿನ ಕೈಯಾಗಿಂದ ತಿನ್ನೂಣು" ಎಂದಳು. ನಾನಂತೂ "ಈಕಿ ನಮ್ಮಕ್ಕ, ನಮ್ಮಕ್ಕ" ಎಂದು ಗುರುತಿಲ್ಲದ ಮಕ್ಕಳಿಗೂ ಓಡಿ ಓಡಿ ಹೇಳಿಬಂದೆ.

ಮಕ್ಕಳೇ, ನಾವು ಅಂದು ಕೂತಿದ್ದ ಮರಳು ಈಗ ನೀರಿನಡಿ ಇದೆ. ರೈತರೇ ಬ್ಯಾರೇಜ್ ಕಟ್ಟಿ ಹೊಳೆಯನ್ನು ನಿಲ್ಲಿಸಿಕೊಂಡಿದ್ದಾರೆ. ನೀವು ಕಾರಿನಲ್ಲಿ ಬಂದು, ತುಂಬಿದ ಹೊಳೆಯ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತೀರಿ. ಬನಹಟ್ಟಿ ಪೇಟೆಯಲ್ಲಿ ಬಣ್ಣಬಣ್ಣದ ಕುಸುರೆಳ್ಳು ಪೊಟ್ಟಣದಲ್ಲಿ ಸಿಗುತ್ತದೆ. ಅದೂ ಸಿಹಿಯೇ, ನಾನೂ ತಿನ್ನುತ್ತೇನೆ. ಆದರೆ ಅದನ್ನು ಮಾಡಿದವರು ಯಾರೋ, ನಿಮಗೆ ಗೊತ್ತಿಲ್ಲ. ನಾನು ತಿಂದದ್ದನ್ನು ಮಾಡಿದವಳು ನನ್ನ ಅಕ್ಕ.